ಎತ್ತರಿಸಿದ ಗಾಡಿ, ಅಂಕೆ ತಪ್ಪಿದ ಗಾಲಿ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ, ಹಗರಿ ನದಿಯ ಬಳಿ, ರಾರಾವಿ ಎಂಬ ಊರಿದೆ. ವೇದಾವತಿ ಎಂದೂ ಕರೆಸಿಕೊಳ್ಳುವ ಈ ಹೊಳೆ ಮುಂದೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಈ ಸೀಮೆಯದು ಹೆಚ್ಚಾಗಿ ಎರೆಭೂಮಿ. ಬೇಸಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆಯುವ ಈ ಮಣ್ಣು ಮಳೆ ಬಿದ್ದೊಡನೆ ಉಬ್ಬುತ್ತದೆ, ಅಂಟುತ್ತದೆ, ಇಳಿದ ಗಾಲಿಯನ್ನು ಬಿಡದೆ ಹಿಡಿಯುತ್ತದೆ. ಗಾಲಿಯ ಜಾಡು ಆಳವಾದಷ್ಟೂ ಗಾಡಿಯ ಹೊಟ್ಟೆ ನೆಲಕ್ಕೆ ತಾಕುತ್ತದೆ. ಹಿಂದಿನ ಬಂಡಿಗಳ ದೊಡ್ಡ ಗಾಲಿಗಳು ಇಂಥ ನೆಲದಲ್ಲಿ ಎಷ್ಟು ಅನುಕೂಲವಾಗಿದ್ದವೆಂಬುದನ್ನು ಬಂಡಿ ಹೊಡೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬಂಡಿಯ ಕೆಲಸವನ್ನು ಪಿಕಪ್ ಗಾಡಿ ಮಾಡುತ್ತದೆ. ಭತ್ತದ ಚೀಲ ಹೇರಿಕೊಂಡು ಹೊಲದ ದಾರಿಯಲ್ಲಿ ಹೊಟ್ಟೆ ತಾಗಿಸಿಕೊಂಡ ಹಳೆಯ ಪಿಕಪ್ಪಿನ ಒಡೆಯನಿಗೆ ಮೊದಲು ಹೊಳೆಯುವ ಉಪಾಯವೆಂದರೆ ಗಾಡಿಯನ್ನು ಎತ್ತರಿಸುವುದು. ಕಮಾನಿನ ಕಟ್ಟಿಗೆ ಒಂದೆರಡು ಪಟ್ಟಿ ಹೆಚ್ಚಿಗೆ ಸೇರಿಸುತ್ತಾರೆ, ಇಲ್ಲವೆ ಕಮಾನು ತೂಗುವ ಶಾಕಲ್ಲನ್ನು ಉದ್ದ ಮಾಡಿಸುತ್ತಾರೆ, ಇಲ್ಲವೆ ಅಚ್ಚಿನ ಕೆಳಗಿದ್ದ ಕಮಾನನ್ನು ಅಚ್ಚಿನ ಮೇಲಕ್ಕೆ ತರುತ್ತಾರೆ. ಗಾಡಿ ನಾಲ್ಕು ಅಂಗುಲ ಎದ್ದು ನಿಲ್ಲುತ್ತದೆ, ನೋಡಲು ಗಂಭೀರವಾಗಿಯೂ ಕಾಣುತ್ತದೆ.

ತೊಂದರೆ ಕಾಣಿಸುವುದು ಡಾಂಬರು ರಸ್ತೆಗೆ ಬಂದಾಗ. ಸ್ಟಿಯರಿಂಗ್ ನೆಟ್ಟಗೆ ಹಿಡಿದರೆ ಗಾಡಿ ಒಂದು ಪಕ್ಕಕ್ಕೆ ಹೋಗುತ್ತದೆ, ಗಾಡಿ ನೆಟ್ಟಗೆ ಹೋದರೆ ಸ್ಟಿಯರಿಂಗ್ ಓರೆಯಾಗಿರುತ್ತದೆ. ತಿರುವಿನಲ್ಲಿ ತಿರುಗಿಸಿದ ಚಕ್ರ ತಾನಾಗಿ ಹಿಂದಕ್ಕೆ ಬರುವುದಿಲ್ಲ. ಗುಂಡಿಗೆ ಬಿದ್ದು ಎದ್ದ ಮರುಗಳಿಗೆ ಮುಂದಿನ ಗಾಲಿಗಳೆರಡೂ ಸನ್ನಿ ಹಿಡಿದಂತೆ ಅದುರತೊಡಗುತ್ತವೆ. ಒಡೆಯ ಗಾಡಿಯನ್ನು ಅಲೈನ್‌ಮೆಂಟ್ ಮಾಡುವವರಲ್ಲಿಗೆ ಕೊಂಡೊಯ್ಯುತ್ತಾನೆ. ಅವರು ಟೈ ರಾಡ್ ತಿರುವಿ ಗಾಲಿ ಸರಿಮಾಡಿ ಕಳುಹಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ಎರಡನೆಯ ಸಲ, ಮೂರನೆಯ ಸಲ ಹಣ ತೆತ್ತರೂ ಗುಣವಿಲ್ಲ. ಯಾರು ಮೋಸ ಮಾಡಿದರು? ಯಾರೂ ಮಾಡಿಲ್ಲ. ಕೆಟ್ಟದ್ದು ಒಂದು, ಸರಿಪಡಿಸಿದ್ದು ಇನ್ನೊಂದು, ಅಷ್ಟೇ.

ಇದನ್ನು ತಿಳಿಯಬೇಕಾದರೆ ಮುಂದಿನ ಗಾಲಿ ತಿರುಗುವ ಬಗೆಯನ್ನು ಸ್ವಲ್ಪ ನೋಡಬೇಕು. ಹಳೆಯ ನಾಲ್ಕು ಗಾಲಿಯ ಕುದುರೆಸಾರೋಟಿನಲ್ಲಿ ಮುಂದಿನ ಅಚ್ಚೇ ನಡುವಿನ ಒಂದು ಕೀಲಿನ ಮೇಲೆ ತಿರುಗುತ್ತಿತ್ತು. ಮ್ಯೂನಿಕ್ ನಗರದ ಲಾಂಕೆನ್‌ಸ್ಪರ್ಗರ್ ಎಂಬ ಸಾರೋಟು ನಿರ್ಮಾಪಕ 1817ರ ಸುಮಾರಿಗೆ ಅಚ್ಚನ್ನು ಅಲುಗಿಸದೆ, ಒಂದೊಂದು ಗಾಲಿಗೂ ಬೇರೆಬೇರೆ ಕೀಲು ಕೊಟ್ಟ. ಲಂಡನ್ನಿನಲ್ಲಿ ಅದರ ಹಕ್ಕುಪತ್ರವನ್ನು 1818ರಲ್ಲಿ ಪಡೆದವನು ಅವನ ಪರವಾಗಿ ವ್ಯವಹರಿಸುತ್ತಿದ್ದ ಆಕರ್ಮನ್. ಕೆಲಸ ಒಬ್ಬನದು, ಹೆಸರು ಇನ್ನೊಬ್ಬನದು. ಇಂದಿಗೂ ಅದು ಆಕರ್ಮನ್ ಏರ್ಪಾಡೆಂದೇ ಪ್ರಸಿದ್ಧ. ನಮ್ಮ ಮೆಕ್ಯಾನಿಕ್ಕುಗಳು ಕಿಂಗ್ ಪಿನ್ ಎನ್ನುವುದು ಈ ಕೀಲನ್ನೇ.

ಈ ಕೀಲು ನೆಟ್ಟಗೆ ನಿಂತಿರುವುದಿಲ್ಲ. ಅದರ ತಲೆ ತುಸು ಹಿಂದಕ್ಕೆ ಬಾಗಿರುತ್ತದೆ. ಆ ಬಾಗಿಗೆ ಕ್ಯಾಸ್ಟರ್ ಎಂದು ಹೆಸರು. ಮನೆಯ ಬೈಸಿಕಲ್ಲನ್ನು ಪಕ್ಕದಿಂದ ನೋಡಿ. ಮುಂದಿನ ಫೋರ್ಕು ಓರೆಯಾಗಿದೆಯಲ್ಲವೆ? ಆ ಓರೆಯ ಗೆರೆಯನ್ನು ನೆಲದವರೆಗೆ ಎಳೆದರೆ ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆದ್ದರಿಂದ ಟೈರು ಯಾವಾಗಲೂ ಕೀಲಿನ ಹಿಂದೆ, ಹಗ್ಗ ಕಟ್ಟಿ ಎಳೆದ ಕರುವಿನಂತೆ, ಎಳೆದತ್ತ ಬರುತ್ತದೆ. ಅನುಭವವುಳ್ಳ ಹುಡುಗ ಕೈಬಿಟ್ಟು ಸೈಕಲ್ ಹೊಡೆಯುವುದಕ್ಕೆ ಇದೂ ಒಂದು ಆಸರೆ. ಮೋಟಾರಿನಲ್ಲಿ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನೇ ಹಿಂದಿರುಗುವುದರಲ್ಲೂ ಇದರ ಪಾಲು ದೊಡ್ಡದು.

ಹಳೆಯ ವಿಲ್ಲಿಸ್ ಜೀಪಿನ ಕೈಪಿಡಿ ಕೊಡುವ ಕ್ಯಾಸ್ಟರ್ ಮೂರು ಡಿಗ್ರಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ಈ ವಂಶದ ಗಾಡಿಗಳನ್ನೇ. ಆ ಜೀಪಿನಲ್ಲಿ ಮುಂದಿನ ಕಮಾನಿನ ಹಿಂತುದಿ ಚಾಸಿಗೆ ಕೀಲಾಗಿ, ಮುಂತುದಿ ಶಾಕಲ್ಲಿನಲ್ಲಿ ತೂಗುತ್ತದೆ. ಕಮಾನಿನ ಉದ್ದ ಸುಮಾರು 90 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಶಾಕಲ್ಲನ್ನು 5 ಸೆಂಟಿಮೀಟರ್ ಉದ್ದ ಮಾಡಿಸಿದರೆ ಗಾಡಿ ಏಳುವುದು ಅದರ ಅರ್ಧ, ಅಂದರೆ ಸುಮಾರು ಒಂದು ಅಂಗುಲ ಮಾತ್ರ. ಆದರೆ ಕಮಾನಿನ ಮುಂತುದಿ 5 ಸೆಂಟಿಮೀಟರ್ ಕೆಳಗಿಳಿಯಿತು. 90ಕ್ಕೆ 5 ಎಂದರೆ ಮೂರು ಡಿಗ್ರಿಗೂ ಸ್ವಲ್ಪ ಹೆಚ್ಚಿನ ಓರೆ. ಕಮಾನಿನ ಜೊತೆಗೆ ಅಚ್ಚೂ ಅಷ್ಟೇ ಉರುಳಿ, ಕೀಲಿನ ತಲೆ ಮುಂದಕ್ಕೆ ಬಂತು. ಒಂದು ಅಂಗುಲದ ಎತ್ತರಕ್ಕಾಗಿ ಇದ್ದ ಮೂರು ಡಿಗ್ರಿ ಕ್ಯಾಸ್ಟರನ್ನೂ ಕಳೆದುಕೊಂಡಂತಾಯಿತು! ಶಾಕಲ್ಲು ಹಿಂದುಗಡೆ ಇರುವ ಗಾಡಿಯಲ್ಲಿ ಇದು ತಿರುಗುಮುರುಗು: ಅಲ್ಲಿ ಕ್ಯಾಸ್ಟರ್ ಹೆಚ್ಚುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ.

ಕೆಡುವ ಎರಡನೆಯದು ಡ್ರ್ಯಾಗ್ ಲಿಂಕ್. ಸ್ಟಿಯರಿಂಗ್ ಪೆಟ್ಟಿಗೆ ಚಾಸಿಯ ಮೇಲಿದೆ, ಗಾಲಿ ಅಚ್ಚಿನ ಮೇಲಿದೆ. ಎರಡನ್ನೂ ಕೂಡಿಸುವ ಸರಳು ಇದು. ಚಾಸಿ ಮೇಲೆದ್ದಾಗ ಸರಳು ಇಳಿಜಾರಾಗುತ್ತದೆ. ಇಳಿಜಾರಾದಷ್ಟೂ ಅದು ಅಡ್ಡಕ್ಕೆ ಮುಟ್ಟುವ ಉದ್ದ ಕಡಿಮೆ. ಅದಕ್ಕೇ ಸ್ಟಿಯರಿಂಗ್ ಓರೆಯಾಗಿ ನಿಂತದ್ದು. ಇನ್ನೂ ಕೆಟ್ಟದ್ದೆಂದರೆ, ಗುಂಡಿಯಲ್ಲಿ ಅಚ್ಚು ಮೇಲೆ ಕೆಳಗೆ ಆಡಿದಾಗಲೆಲ್ಲ ಈ ಓರೆ ಸರಳು ಗಾಲಿಯನ್ನು ಪಕ್ಕಕ್ಕೆ ನೂಕುತ್ತದೆ. ಚಾಲಕ ಕೈ ಅಲುಗಿಸದಿದ್ದರೂ ಗಾಡಿ ತಿರುಗುತ್ತದೆ.

ಹಾಗಾದರೆ ಅಲೈನ್‌ಮೆಂಟಿನವರು ಸರಿಮಾಡಿದ್ದೇನು? ಟೋ-ಇನ್. ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ಕೂದಲೆಳೆಯಷ್ಟು ಹತ್ತಿರವಿರಬೇಕು. ವಿಲ್ಲಿಸ್ ಜೀಪಿಗೆ ಇದು ಒಂದೂಕಾಲರಿಂದ ಎರಡೂವರೆ ಮಿಲಿಮೀಟರಿನೊಳಗೆ. ಇಡಿಯಾದ ಅಚ್ಚುಳ್ಳ ಗಾಡಿಯಲ್ಲಿ ಟೋವನ್ನು ಹಿಡಿದಿಡುವ ಟೈ ರಾಡ್ ಅಚ್ಚಿನ ಜೊತೆಗೇ ಇರುತ್ತದೆ. ಚಾಸಿ ಎಷ್ಟು ಎದ್ದರೂ ಅದು ಬದಲಾಗುವುದಿಲ್ಲ. ಮುಂದಿನಿಂದ ಕಾಣುವ ಗಾಲಿಯ ವಾಲು, ಅಂದರೆ ಕ್ಯಾಂಬರ್, ಅದೂ ಬದಲಾಗುವುದಿಲ್ಲ. ಕೆಡದಿದ್ದ ಟೋವನ್ನು ಮೂರು ಸಲ ತಿರುವಿದರೆ ಕಳೆದುಹೋದ ಕ್ಯಾಸ್ಟರ್ ಬರುವುದೆಲ್ಲಿಂದ?

ಟಾರ್ಷನ್ ಬಾರ್ ಉಳ್ಳ, ಎರಡು ಗಾಲಿಗಳೂ ಬಿಡಿಬಿಡಿಯಾಗಿ ಆಡುವ ಪಿಕಪ್ಪುಗಳ ಕಥೆ ಬೇರೆ. ಅಲ್ಲಿ ಬೋಲ್ಟ್ ತಿರುವಿ ಬಾರನ್ನು ಬಿಗಿದರೆ ಸಾಕು, ಮೂತಿ ಏಳುತ್ತದೆ. ಆದರೆ ತೋಳುಗಳು ಕೆಳಕ್ಕೆ ಜೋತುಬಿದ್ದು, ಟೋ ಮತ್ತು ಕ್ಯಾಂಬರ್ ಎರಡೂ ಕೆಡುತ್ತವೆ, ಬಾಲ್ ಜಾಯಿಂಟ್ ತನ್ನ ಮಿತಿಯ ಅಂಚಿನಲ್ಲಿ ದುಡಿಯುತ್ತದೆ. ಅಂಥ ಗಾಡಿಗೆ ಒಳ್ಳೆಯ ಚಿಕಿತ್ಸೆ, ಬಿಗಿದದ್ದನ್ನು ಸಡಿಲಿಸಿ ಇಳಿಸುವುದೇ.

ಇನ್ನು ಇಡಿ ಅಚ್ಚಿನ ಗಾಡಿಯ ರಿಪೇರಿ. ಮೊದಲು ಆಟ ನೋಡಬೇಕು, ಕೋನವನ್ನಲ್ಲ. ಗಟ್ಟಿ ನೆಲದ ಮೇಲೆ ಅಚ್ಚಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ: ಆಡಿದರೆ ಬೇರಿಂಗ್ ಅಥವಾ ಕಿಂಗ್ ಪಿನ್. ಎಡಬಲಕ್ಕೆ ಹಿಡಿದು ಅಲುಗಿಸಿ: ಆಡಿದರೆ ಟೈ ರಾಡ್ ತುದಿಯನ್ನೂ ನೋಡಿ. ಆಮೇಲೆ ಗಾಡಿಯನ್ನು ಇಳಿಸಿ, ಒಬ್ಬರು ಸ್ಟಿಯರಿಂಗನ್ನು ಅತ್ತಿತ್ತ ಆಡಿಸುತ್ತಿರಲು ಇನ್ನೊಬ್ಬರು ಕಮಾನಿನ ಬುಷ್, ಶಾಕಲ್, ಸ್ಟಿಯರಿಂಗ್ ಪೆಟ್ಟಿಗೆಯ ಬೋಲ್ಟುಗಳನ್ನು ದಿಟ್ಟಿಸಬೇಕು. ಗಾಲಿಗಳ ಆ ಭಯಂಕರ ಅದುರಾಟ ಹುಟ್ಟುವುದು ಬಹುಮಟ್ಟಿಗೆ ಇಲ್ಲಿ, ಸವೆದ ಕೀಲುಗಳಲ್ಲಿ. ಸ್ಟಿಯರಿಂಗ್ ಡ್ಯಾಂಪರ್ ಹಾಕಿಸಿ ಅದನ್ನು ಅಡಗಿಸುವವರುಂಟು. ಅದು ಜ್ವರ ನೋಡದೆ ಥರ್ಮಾಮೀಟರನ್ನು ಒಡೆದ ಹಾಗೆ. ದಾರಿಯಲ್ಲಿ ಅದುರತೊಡಗಿದರೆ ಆಕ್ಸಿಲರೇಟರ್ ಬಿಟ್ಟು, ಗಾಡಿಯನ್ನು ಮೆಲ್ಲಗೆ ನಿಧಾನಕ್ಕೆ ತರಬೇಕು.

ಆಮೇಲೆ ಕ್ಯಾಸ್ಟರ್. ಕಮಾನು ಮತ್ತು ಅಚ್ಚಿನ ನಡುವೆ ಉಕ್ಕಿನ ಓರೆ ತಗಡನ್ನು, ಬೆಣೆಯಂಥದನ್ನು, ಇಟ್ಟು ಕೀಲಿನ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ದಪ್ಪ ತುದಿ ಮುಂದಕ್ಕೋ ಹಿಂದಕ್ಕೋ ಎಂಬುದು ಕಮಾನು ಅಚ್ಚಿನ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ನಿಂತಿದೆ. ತಪ್ಪಾಗಿ ಇಟ್ಟರೆ ರೋಗ ಇಮ್ಮಡಿ. ನಾಲ್ಕೂ ಗಾಲಿಗೆ ಎಳೆತವಿರುವ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಅಚ್ಚನ್ನು ಉರುಳಿಸಿದಾಗ ಮುಂದಿನ ಪ್ರೊಪೆಲರ್ ಷಾಫ್ಟಿನ ಕೀಲಿನ ಕೋನವೂ ಹೆಚ್ಚುತ್ತದೆ. ಆದ್ದರಿಂದ ಬೆಣೆಗೂ ಮಿತಿಯುಂಟು. ಅಚ್ಚನ್ನು ಕಾಯಿಸಿ ಬಗ್ಗಿಸುವುದಂತೂ ಬೇಡವೇ ಬೇಡ. ಹದ ಮಾಡಿದ ಉಕ್ಕು ಬೆಂಕಿಯಲ್ಲಿ ತನ್ನ ಬಲ ಕಳೆದುಕೊಳ್ಳುತ್ತದೆ.

ಡ್ರ್ಯಾಗ್ ಲಿಂಕನ್ನು ಆದಷ್ಟು ಮಟ್ಟಸಕ್ಕೆ ತರಲು, ಆ ಗಾಡಿಗೆಂದೇ ತಯಾರಾದ, ಕೆಳಕ್ಕೆ ಹೆಚ್ಚು ಇಳಿದ ಪಿಟ್‌ಮನ್ ತೋಳು ಬೇಕು. ಹಳೆಯ ತೋಳನ್ನು ಕತ್ತರಿಸಿ ವೆಲ್ಡ್ ಮಾಡಿಸುವುದೆಂದರೆ ಸ್ಟಿಯರಿಂಗನ್ನೇ ಒಂದು ಬೆಸುಗೆಯ ಕೈಗೆ ಕೊಟ್ಟಂತೆ. ಇದೇ ಸಮಯದಲ್ಲಿ ಬ್ರೇಕಿನ ರಬ್ಬರ್ ಹೋಸನ್ನೂ ನೋಡಬೇಕು. ಅಚ್ಚು ಪೂರ್ತಿ ಕೆಳಗೆ ಜೋತಾಗ ಅದು ಬಿಗಿದು ನಿಂತರೆ ಒಂದು ದಿನ ಹರಿಯುವುದು ಖಂಡಿತ.

ಟೋ-ಇನ್ ಎಲ್ಲಕ್ಕೂ ಕೊನೆ. ಮನೆಯಂಗಳದಲ್ಲೇ ಅಳೆಯಬಹುದು. ಗಾಲಿ ಎತ್ತಿ ತಿರುಗಿಸುತ್ತ, ಟೈರಿನ ನಡುವೆ ಸೀಮೆಸುಣ್ಣ ಬಳಿದು ಮೊಳೆಯ ತುದಿಯಿಂದ ಗೆರೆ ಹಾಕಿ. ಗಾಡಿ ಇಳಿಸಿ, ಸ್ವಲ್ಪ ಮುಂದಕ್ಕೆ ತಳ್ಳಿ ನಿಲ್ಲಿಸಿ, ಗಾಲಿಯ ನಡುಮಟ್ಟದಲ್ಲಿ ಎರಡು ಗೆರೆಗಳ ಅಂತರವನ್ನು ಮುಂದೆಯೂ ಹಿಂದೆಯೂ ಟೇಪಿನಿಂದ ಅಳೆಯಿರಿ. ಎರಡರ ವ್ಯತ್ಯಾಸವೇ ಟೋ. 70 ಸೆಂಟಿಮೀಟರ್ ಎತ್ತರದ ಟೈರಿನಲ್ಲಿ ಈ ವ್ಯತ್ಯಾಸ ಒಂದು ಸೆಂಟಿಮೀಟರಾದರೆ ಏನಾಯಿತು ಎನ್ನಬೇಡಿ. ನೂರು ಕಿಲೊಮೀಟರ್ ಓಡುವಷ್ಟರಲ್ಲಿ ಒಂದೊಂದು ಟೈರೂ ಸುಮಾರು 700 ಮೀಟರಿನಷ್ಟು ಅಡ್ಡಡ್ಡಲಾಗಿ ಉಜ್ಜಿರುತ್ತದೆ. ಟೈರಿನ ಮೇಲೆ ಅಂಗೈಯಾಡಿಸಿದರೆ ಗರಗಸದಂಥ ಅಂಚು ತಾಗುತ್ತದೆ. ಅಂಚು ಒಳಮುಖವಾಗಿದ್ದರೆ ಟೋ-ಇನ್ ಮಿತಿಮೀರಿದೆ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಆದ್ದರಿಂದ ಉದ್ದ ಶಾಕಲ್ಲನ್ನು ತೆಗೆದು ಹಾಕಿ, ಸೋತು ಚಪ್ಪಟೆಯಾದ ಕಮಾನಿನ ಕಟ್ಟನ್ನೇ ಹೊಸದಾಗಿಸಿದರೆ ಹೇಗೆ ಎಂದು ಮೊದಲು ಯೋಚಿಸುವುದು ಲೇಸು. ಹಳೆಯ ಗಾಡಿ ಎಷ್ಟೋ ಸಲ ತಗ್ಗಿರುವುದು ಕಮಾನು ಸೋತದ್ದರಿಂದ. ಕಂಪನಿಯ ಅಳತೆಯ ಹೊಸ ಕಮಾನು ಬಂದೊಡನೆ ಕಳೆದ ಎತ್ತರವೂ, ಅದರೊಂದಿಗೆ ಕ್ಯಾಸ್ಟರೂ ಮರಳುತ್ತವೆ.

ಯಾವ ದಾರಿ ಹಿಡಿದರೂ, ಕಮಾನು ಬಿಚ್ಚಿ ಕಟ್ಟಿದ ಗಾಡಿಯ ಯು ಬೋಲ್ಟುಗಳು ಮೊದಲ ಹೇರಿನಲ್ಲಿ ತುಸು ಸಡಿಲವಾಗುತ್ತವೆ. ಭತ್ತ ಇಳಿಸಿ ಬಂದ ಸಂಜೆಯೇ ಸ್ಪ್ಯಾನರ್ ಹಾಕಿ ಇನ್ನೊಮ್ಮೆ ಬಿಗಿಯಬೇಕು.