ನಾಳೆಯ ಮಾತಿಗೆ ಎರಡು ‘ವಿಲ್’ ಬೇಡ

ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವವನು ನಾನು. ಇಂಗ್ಲಿಷು ನನ್ನ ವಿಷಯವಲ್ಲ. ಆದರೂ ಇಂಗ್ಲಿಷಿನ ಒಂದು ವಾಕ್ಯವನ್ನು ಕುರಿತು ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ‘ಕನ್ನಡ ಪಂಡಿತರಿಗೆ ಈ ಉಸಾಬರಿ ಏಕೆ?’ ಎಂದು ತಾವು ಕೇಳಬಹುದು. ಅದಕ್ಕೆ ಕಾರಣವುಂಟು.

ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬಂದು ಹೋಗುವ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ತನ್ನ ಇಂಗ್ಲಿಷು ನೋಟ್‌ಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಸೋದರಮಾವನನ್ನು ಹಬ್ಬಕ್ಕೆ ಕರೆದು ಪತ್ರ ಬರೆಯಬೇಕಾಗಿತ್ತು. ಅವಳು ‘ಐ ವಿಲ್ ಹ್ಯಾಪಿ ವೆನ್ ಯು ವಿಲ್ ಕಮ್’ ಎಂದು ಬರೆದಿದ್ದಳು. ಅದರ ಕೆಳಗೆ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ ‘ಕನ್ನಡದಲ್ಲಿ ಯೋಚಿಸಬೇಡ’ ಎಂಬ ಷರಾ. “ಸಾರ್, ನನಗೆ ಬರುವುದು ಕನ್ನಡ ಒಂದೇ. ಇನ್ನು ಯಾವುದರಲ್ಲಿ ಯೋಚಿಸಲಿ?” ಎಂದಳು. ತರಗತಿಯಲ್ಲಿ ಇಂಗ್ಲಿಷು ಓದಲು ಎದ್ದು ನಿಲ್ಲುವುದನ್ನೇ ಅವಳು ಬಿಟ್ಟುಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು.

ಆ ವಾಕ್ಯದಲ್ಲಿ ತಪ್ಪು ಎರಡು. ಎರಡನೆಯ ತಪ್ಪಿಗೆ ಕನ್ನಡ ಕಾರಣವೇ ಅಲ್ಲ. ಅದನ್ನು ತಿದ್ದುವ ದಾರಿಯನ್ನು ತೋರಿಸುವುದೇ ಕನ್ನಡ. ಒಂದೊಂದಾಗಿ ನೋಡೋಣ.

ಮೊದಲನೆಯದು ‘ವಿಲ್ ಹ್ಯಾಪಿ’. ‘ಹ್ಯಾಪಿ’ ಗುಣವಾಚಕ. ‘ಗ್ಲ್ಯಾಡ್’, ‘ರೆಡಿ’, ‘ಲೇಟ್’ ಎಂಬವೂ ಅದೇ ಜಾತಿಯವು. ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ಸ್ವಂತ ಕಾಲಿಲ್ಲ. ‘ಬಿ’ ಎಂಬ ಕ್ರಿಯಾಪದ ಅದನ್ನು ಹೊತ್ತು ನಡೆಯಬೇಕು. ಆದ್ದರಿಂದ ‘ವಿಲ್ ಬಿ ಹ್ಯಾಪಿ’. ನಾವು ‘ನನಗೆ ಸಂತೋಷ’ ಎಂದು ಕ್ರಿಯಾಪದವಿಲ್ಲದೆಯೇ ಮಾತು ಮುಗಿಸಬಲ್ಲೆವು. ಇಲ್ಲಿ ಮಾತ್ರ ನಮ್ಮ ರೂಢಿ ಮಕ್ಕಳನ್ನು ಕೊಂಚ ಎಡವಿಸುತ್ತದೆ. ಆದರೆ ನಾಳೆಯ ಮಾತು ಬಂದಾಗ ನಾವೂ ‘ಸಂತೋಷವಾಗುತ್ತದೆ’, ‘ಸಿದ್ಧನಾಗಿರುತ್ತೇನೆ’ ಎಂದು ‘ಆಗು’, ‘ಇರು’ ಧಾತುಗಳನ್ನು ಸೇರಿಸುತ್ತೇವೆ. ಆ ‘ಆಗು’, ‘ಇರು’ಗಳ ಜಾಗದಲ್ಲಿ ‘ಬಿ’ ಇಡಬೇಕೆಂದು ಹೇಳಿಕೊಟ್ಟರೆ ಮಗು ಮರೆಯುವುದಿಲ್ಲ.

ಎರಡನೆಯದು ‘ವೆನ್ ಯು ವಿಲ್ ಕಮ್’. ಮಾವ ಬರುವುದು ಮುಂದೆ, ಸಂತೋಷವೂ ಮುಂದೆ. ಆದ್ದರಿಂದ ಎರಡು ಕಡೆಯೂ ‘ವಿಲ್’ ಇರಲಿ ಎಂಬುದು ಹುಡುಗಿಯ ತರ್ಕ. ತರ್ಕವೇನೋ ಸರಿಯೇ. ಆದರೆ ಇಂಗ್ಲಿಷು ಅದನ್ನು ಒಪ್ಪುವುದಿಲ್ಲ. ಪ್ರಧಾನ ವಾಕ್ಯದಲ್ಲಿ ಒಮ್ಮೆ ‘ವಿಲ್’ ಹೇಳಿದ ಮೇಲೆ, ಕಾಲವನ್ನೋ ಷರತ್ತನ್ನೋ ಹೇಳುವ ಅಧೀನ ವಾಕ್ಯದಲ್ಲಿ ವರ್ತಮಾನ ರೂಪವೇ ಸಾಕು: ‘ಐ ವಿಲ್ ಬಿ ಹ್ಯಾಪಿ ವೆನ್ ಯು ಕಮ್’. ‘ಇಫ್’, ‘ಅಂಟಿಲ್’, ‘ಬಿಫೋರ್’, ‘ಆಫ್ಟರ್’ ಎಂಬ ಪದಗಳ ಮುಂದೆಯೂ ಇದೇ ಕಟ್ಟಳೆ.

ಈಗ ಕನ್ನಡಕ್ಕೆ ಬನ್ನಿ. ‘ನೀನು ನಾಳೆ ಬಂದರೆ ನನಗೆ ಸಂತೋಷವಾಗುತ್ತದೆ.’ ಈ ‘ಬಂದರೆ’ಯನ್ನು ಬಿಡಿಸಿ ನೋಡಿ. ಅದರಲ್ಲಿರುವುದು ‘ಬಂದ’ ಎಂಬ ಭೂತಕಾಲದ ರೂಪ! ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಭೂತ, ವರ್ತಮಾನ, ಭವಿಷ್ಯತ್ತುಗಳಿಗೆ ಕ್ರಮವಾಗಿ ‘ದ’, ‘ದಪ’, ‘ವ’ ಎಂಬ ಪ್ರತ್ಯಯಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಮೊದಲನೆಯದಾದ ‘ದ’ಕಾರವನ್ನೇ ನಾವು ನಾಳೆಯ ಮಳೆಗೂ ನಾಡಿದ್ದಿನ ನೆಂಟರಿಗೂ ಅಂಜದೆ ಬಳಸುತ್ತೇವೆ. ‘ಕುಣಿಗಲ್ ಕೆರೆ ತುಂಬಿದರೆ ರೈತರಿಗೆ ಸಂತೋಷವಾಗುತ್ತದೆ’ ಎಂದರೆ ಕೆರೆ ಆಗಲೇ ತುಂಬಿತೆಂದು ಯಾರೂ ತಿಳಿಯುವುದಿಲ್ಲ. ಸಂತೋಷಕ್ಕೆ ಮೊದಲು ತುಂಬುವ ಕೆಲಸ ಮುಗಿಯಬೇಕು ಎಂಬ ಕ್ರಮವನ್ನಷ್ಟೇ ಆ ರೂಪ ಸೂಚಿಸುತ್ತದೆ. ‘ರೈಲು ಗುಬ್ಬಿ ಮುಟ್ಟುವವರೆಗೆ ತಾಯಿಗೆ ಕಳವಳವಿರುತ್ತದೆ’ ಎಂಬಲ್ಲಿ ಮುಟ್ಟುವುದು ಇನ್ನೂ ಬಾಕಿ, ಅದಕ್ಕೇ ‘ಮುಟ್ಟುವ’. ‘ಬಂದ ಮೇಲೆ’, ಆದರೆ ‘ಬರುವ ಮುಂಚೆ’. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಕನ್ನಡ ಕೃದಂತದಿಂದ ತೋರಿಸುತ್ತದೆ. ಇಂಗ್ಲಿಷು ಅದನ್ನು ‘ಅಂಟಿಲ್’, ‘ಆಫ್ಟರ್’ ಮುಂತಾದ ಪದಗಳಿಗೇ ಬಿಟ್ಟು, ಕ್ರಿಯಾಪದವನ್ನು ವರ್ತಮಾನದಲ್ಲಿ ಇಡುತ್ತದೆ. ‘ದಿ ಮದರ್ ವಿಲ್ ಬಿ ಆಂಕ್ಷಸ್ ಅಂಟಿಲ್ ದಿ ಟ್ರೈನ್ ರೀಚಸ್ ಗುಬ್ಬಿ.’ ಒಟ್ಟಿನಲ್ಲಿ, ಮಾತು ಮುಗಿಸುವ ಪ್ರಧಾನ ಕ್ರಿಯಾಪದಕ್ಕೇ ‘ನಾಳೆ’ಯ ಹೊಣೆಯನ್ನು ಒಪ್ಪಿಸುವುದರಲ್ಲಿ ಎರಡು ಭಾಷೆಗಳೂ ಒಂದೇ.

ಇದು ಲೋಕದ ಎಲ್ಲ ಭಾಷೆಗಳ ನಿಯಮವೆಂದು ತಿಳಿಯಬೇಡಿ. ಹಿಂದಿಯವರು ‘ಜಬ್ ಆಪ್ ಆಯೇಂಗೇ ತೋ ಮುಝೇ ಖುಷೀ ಹೋಗೀ’ ಎಂದು ಎರಡು ಕಡೆಯೂ ಭವಿಷ್ಯತ್ತನ್ನೇ ಹಾಕುತ್ತಾರೆ. ಫ್ರೆಂಚಿನಲ್ಲಿ ‘ಬಂದಾಗ’ ಎನ್ನುವಲ್ಲಿ ಭವಿಷ್ಯತ್ತು, ‘ಬಂದರೆ’ ಎನ್ನುವಲ್ಲಿ ವರ್ತಮಾನ. ಇಂಗ್ಲಿಷಿನಲ್ಲಿಯೇ ಹಿಂದೆ ಇಂಥ ಅಧೀನ ವಾಕ್ಯಗಳಲ್ಲಿ ‘ಷಲ್’ ಬರುತ್ತಿತ್ತು. 1611ರ ಬೈಬಲ್ ಅನುವಾದದಲ್ಲಿ ಅದನ್ನು ಕಾಣಬಹುದು. ಆದ್ದರಿಂದ ಎರಡು ‘ವಿಲ್’ ಬರೆದ ಮಗುವನ್ನು ದಡ್ಡ ಎನ್ನಲಾಗದು. ಅದು ಮಾಡಿದ್ದು ರೂಢಿಯ ತಪ್ಪು, ಬುದ್ಧಿಯ ತಪ್ಪಲ್ಲ.

ಹಾಗಾದರೆ ‘ವೆನ್’ ಮತ್ತು ‘ಇಫ್’ಗಳ ಮುಂದೆ ‘ವಿಲ್’ ಎಂದಿಗೂ ಬರಬಾರದೋ? ಬರಬಹುದು. ಎಲ್ಲಿ ಎಂಬುದನ್ನು ಕನ್ನಡವೇ ಹೇಳುತ್ತದೆ. ‘ಅವನು ಯಾವಾಗ ಬರುತ್ತಾನೆಂದು ಕೇಳು’ ಎಂಬುದು ‘ಆಸ್ಕ್ ಹಿಮ್ ವೆನ್ ಹಿ ವಿಲ್ ಕಮ್’. ‘ಅವನು ಬರುತ್ತಾನೋ ಇಲ್ಲವೋ ತಿಳಿಯದು’ ಎಂಬುದು ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’. ಇಲ್ಲಿ ಒಳಗಿನ ಮಾತು ಒಂದು ಪ್ರಶ್ನೆ. ಹೀಗೆ ಕನ್ನಡದಲ್ಲಿ ‘ಬರುತ್ತಾನೆಂದು’, ‘ಬರುತ್ತಾನೋ’ ಎಂದು ಪೂರ್ಣ ಕ್ರಿಯಾಪದ ಬಂದರೆ ‘ವಿಲ್’ ಉಳಿಯುತ್ತದೆ. ‘ಬಂದಾಗ’, ‘ಬಂದರೆ’, ‘ಬಂದ ಮೇಲೆ’, ‘ಬರುವವರೆಗೆ’, ‘ಬರುವ ಮುಂಚೆ’ ಎಂದು ಬಂದರೆ ‘ವಿಲ್’ ಬೀಳುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಮಗು ಮನಸ್ಸಿನಲ್ಲೇ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡರೆ ಸಾಕು.

ಒಂದೆರಡು ಎಚ್ಚರಿಕೆಗಳು. ‘ಬಂದರೆ’ಯಲ್ಲಿ ಭೂತಕಾಲ ಉಂಟೆಂದು ಇಂಗ್ಲಿಷಿನಲ್ಲಿ ‘ಇಫ್ ಹಿ ಕೇಮ್ ಟುಮಾರೋ’ ಎಂದು ಬರೆಯಬಾರದು. ಹಾಗೆ ಬರೆದರೆ ಬರುವ ಸಂಭವ ಕಡಿಮೆ ಎಂಬ ಅರ್ಥವಾಗುತ್ತದೆ. ಕರೆದ ಮಾವನಿಗೆ ಬೇಸರವಾದೀತು. ಇನ್ನು, ‘ಇಫ್ ಯು ವಿಲ್ ವೆಯ್ಟ್’ ಎಂಬಂಥ ಮರ್ಯಾದೆಯ ಮಾತುಗಳಲ್ಲಿ ‘ವಿಲ್’ ಕಾಲವನ್ನು ಹೇಳುವುದಿಲ್ಲ. ‘ದಯವಿಟ್ಟು ಕಾಯಲು ಒಪ್ಪಿದರೆ’ ಎಂದು ಸಮ್ಮತಿಯನ್ನು ಕೇಳುತ್ತದೆ. ಅದು ತಪ್ಪಲ್ಲ.

ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಕೆಲಸ ಮಾಡಿದರು. ಅವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕವಿತೆಗೆ ದಾರಿ ತೆರೆಯಿತು. ಒಂದು ಭಾಷೆಯನ್ನು ಕಲಿಯಲು ಇನ್ನೊಂದನ್ನು ಹೊರಗೆ ನಿಲ್ಲಿಸಬೇಕಾಗಿಲ್ಲವೆಂಬುದಕ್ಕೆ ಅವರಿಗಿಂತ ಹತ್ತಿರದ ನಿದರ್ಶನ ನಮಗೆ ಬೇಕೆ?

ಆ ಹುಡುಗಿಗೆ ನಾನು ಇಷ್ಟನ್ನೂ ಹೇಳಲಿಲ್ಲ. “ಕನ್ನಡದಲ್ಲೇ ಯೋಚಿಸು ತಾಯಿ. ‘ಬಂದರೆ’ ಅಂತೀಯೋ, ‘ಬರುತ್ತಾನೋ’ ಅಂತೀಯೋ, ಅದನ್ನು ಮೊದಲು ನೋಡಿಕೋ” ಎಂದೆ. ಅಲ್ಲೇ ನಿಂತು ಪೆನ್ಸಿಲಿನಿಂದ ಒಂದು ‘ವಿಲ್’ ಹೊಡೆದುಹಾಕಿದಳು. ಇನ್ನೊಂದರ ಮುಂದೆ ‘ಬಿ’ ಸೇರಿಸಿದಳು. ತಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದರೆ ಈ ಸಂಜೆಯೇ ಇಂಥ ನಾಲ್ಕು ವಾಕ್ಯಗಳನ್ನು ಬಾಯಲ್ಲಿ ಹೇಳಿಸಿ ನೋಡಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.