ಮುಖ ನೋಡದ ಗಂಡ, ಕೇಳದ ಭಾಷೆ: ಬಾಸೆಲ್ ಮಿಷನ್ ದಂಪತಿಗಳ ಮೊದಲ ದಿನಗಳು

(ಪಾಡ್‌ಕಾಸ್ಟ್‌ನ ಬರಹ ರೂಪ)

 

ನಾನು ಸೊರಟೂರದಾಂವ. ನಮ್ಮ ಕಡೆ ಯಾರಿಗಾದ್ರೂ ಆರಾಮಿಲ್ಲ ಅಂದ್ರ ಬೆಟಗೇರಿ ‘ಜರ್ಮನ್ ಆಸ್ಪತ್ರೆ’ ಹೆಸರು ಬಂದೇ ಬರ್ತದ. ಗದಗ ಸೀಮೆಯ ಆಸ್ಪತ್ರೆಗೆ ಜರ್ಮನ್ ಹೆಸರು ಹೆಂಗ ಬಂತು? ಉತ್ತರ ಬಾಸೆಲ್ ಮಿಷನ್. ಇವತ್ತು ಆ ಮಿಷನ್ನಿನ ಇತಿಹಾಸ ಪೂರ್ತಿ ಹೇಳೋದಿಲ್ಲ. ಒಂದೇ ಪ್ರಶ್ನೆ ಇಟ್ಕೊಂಡೀನಿ: ದೇಶ ಬಿಟ್ಟು ಇಲ್ಲಿಗೆ ಬಂದ ಗಂಡ-ಹೆಂಡ್ತಿಯ ಮೊದಲ ದಿನಗಳು ಹೆಂಗಿದ್ವು?

ಮೊದಲು ಸ್ವಲ್ಪ ಹಿನ್ನೆಲೆ

ಬಾಸೆಲ್ ಅನ್ನೋದು ಸ್ವಿಟ್ಜರ್ಲೆಂಡಿನ ಊರು. ಅಲ್ಲಿ 1815ರಲ್ಲಿ ಈ ಕ್ರೈಸ್ತ ಸಂಸ್ಥೆ ಶುರುವಾಯ್ತು. ಕೆಲಸಕ್ಕೆ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ಹಳ್ಳಿ, ಸಣ್ಣ ಪಟ್ಟಣದವರು. ಅದಕ್ಕೇ ನಮ್ಮ ಮಂದಿ ಬಾಯಾಗ ಅವರು ‘ಜರ್ಮನ್’ ಆದ್ರು.

1834ರ ಅಕ್ಟೋಬರ್‌ನಲ್ಲಿ ಸ್ಯಾಮುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ಹೂಡಿದರು. ಆಗ ಈ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಗದಗಕ್ಕೆ ರೈಲು ಬಂದದ್ದು 1880ರ ದಶಕದಲ್ಲಿ. ಅಂದ್ರ ಮೊದಲ ನಲವತ್ತು ವರ್ಷ ಇಲ್ಲಿಗೆ ಬಂದವರ ಕೊನೆಯ ದಾರಿ ಚಕ್ಕಡಿ, ಕುದುರೆ, ಇಲ್ಲಾ ಕಾಲ್ನಡಿಗೆ.

ಮದುವೆಗೆ ಕಮಿಟಿಯ ಒಪ್ಪಿಗೆ

ಈಗ ಸ್ವಾರಸ್ಯದ ಮಾತಿಗೆ ಬರೋಣ. ಮಿಷನರಿಗಳು ಸಾಮಾನ್ಯವಾಗಿ ಮದುವೆಯಾಗದೇ ಬರಬೇಕಿತ್ತು. ಎರಡು ವರ್ಷ ಕೆಲಸ ಮಾಡಿ, ಹವೆ ಒಗ್ಗಿದ ಮೇಲೆ ಮದುವೆಗೆ ಅನುಮತಿ ಕೇಳಿ ಬಾಸೆಲ್ಲಿನ ಕಮಿಟಿಗೆ ಪತ್ರ ಬರೀಬೇಕು. ಪರಿಚಯದ ಹುಡುಗಿ ಇದ್ರ ಹೆಸರು ಬರೀಬಹುದು. ಇಲ್ಲಾಂದ್ರ ಕಮಿಟಿ ಮತ್ತು ಸಂಬಂಧಿಕರೇ ಹುಡುಕಿ ಕಳಿಸೋರು. ಹುಡುಗಿಯ ಆರೋಗ್ಯ, ಭಕ್ತಿ, ಮನೆತನ ಎಲ್ಲಾ ವಿಚಾರಿಸಿಯೇ ಒಪ್ಪಿಗೆ.

‘ಇದೂ ನಮ್ಮ ಅರೇಂಜ್ಡ್ ಮ್ಯಾರೇಜ್ ಥರಾನೇ’ ಅಂತೀರಿ. ಹೌದು, ಆದ್ರ ಒಂದು ದೊಡ್ಡ ಫರಕು ಐತಿ. ನಮ್ಮಲ್ಲಿ ಬೇಜಾರಾದ್ರ ತವರು ಒಂದು ಬಸ್ಸಿನ ದೂರ. ಅವಳಿಗೆ ತವರು ಸಮುದ್ರದಾಚೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯೋಕಿಂತ ಮುಂಚೆ ಆಫ್ರಿಕಾ ಸುತ್ತಿ ಬರುವ ಹಾಯಿಹಡಗಿಗೆ ಮೂರು-ನಾಲ್ಕು ತಿಂಗಳು ಹಿಡೀತಿತ್ತು. ಅನೇಕರು ತಾವು ಮದುವೆಯಾಗುವ ಗಂಡಸನ್ನ ಮೊದಲ ಸಲ ನೋಡಿದ್ದೇ ಹಡಗಿನಿಂದ ಇಳಿದ ಮೇಲೆ. ಕೆಲವೇ ದಿನದಲ್ಲಿ ಮದುವೆ, ಆಮೇಲೆ ಸೀದಾ ಠಾಣೆಗೆ ಪಯಣ.

ಮೊದಲ ಕೆಲಸ ಕನ್ನಡ

ಬಂದವರಿಗೆ ಎದುರಾಗುತ್ತಿದ್ದ ಮೊದಲ ಗೋಡೆ ಭಾಷೆ. ಗಂಡ ಮುನ್ಶಿ ಇಟ್ಕೊಂಡು ಓದಿ ಪರೀಕ್ಷೆ ಕೊಡಬೇಕಿತ್ತು. ಹೆಂಡ್ತಿ ಕಲೀತಿದ್ದದ್ದು ಹೆಚ್ಚಾಗಿ ಅಡುಗೆಮನೆಯಲ್ಲಿ, ಶಾಲೆ ಹುಡುಗಿಯರ ಜೊತೆ. ಕಾಗದದ ಮೇಲೆ ಅವಳು ಮಿಷನರಿ ಅಲ್ಲ, ಮಿಷನರಿಯ ಹೆಂಡ್ತಿ. ಆದ್ರೂ ಹುಡುಗಿಯರ ವಸತಿ ಶಾಲೆ, ಹೊಲಿಗೆ ತರಗತಿ, ಅನಾಥ ಮಕ್ಕಳ ಆರೈಕೆ ಅವಳ ಪಾಲಿಗೇ ಬರ್ತಿತ್ತು. ತಲಶ್ಶೇರಿಯಲ್ಲಿ ಯೂಲಿ ಗುಂಡರ್ಟ್ ನಡೆಸಿದ ಹುಡುಗಿಯರ ಶಾಲೆ ಇದಕ್ಕೆ ಒಳ್ಳೇ ಉದಾಹರಣೆ. ಅವರ ಗಂಡ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವರು. ಮಗಳು ಮರೀ ಹುಟ್ಟಿದ್ದು ತಲಶ್ಶೇರಿಯಲ್ಲೇ. ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆಯ ತಾಯಿ ಆಕೆ.

ನಮಗೆಲ್ಲಾ ಗೊತ್ತಿರೋ ಕಿಟೆಲ್ ಅವರನ್ನೇ ನೋಡ್ರಿ. 1853ರಲ್ಲಿ ಬಂದರು. 1860ರಲ್ಲಿ ಪೌಲಿನ್ ಐತ್ ಅವರನ್ನ ಮದುವೆಯಾದ್ರು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಪೌಲಿನ್ ತೀರಿಕೊಂಡರು. 1867ರಲ್ಲಿ ಅವರ ತಂಗಿ ಯೂಲಿಯನ್ನ ಕಿಟೆಲ್ ಮದುವೆಯಾದ್ರು. ಅಕ್ಕ ತೀರಿಹೋದ ದೇಶಕ್ಕೆ ತಂಗಿಯನ್ನ ಕಳಿಸುವಾಗ ಆ ತಾಯಿ-ತಂದೆಗೆ ಹೆಂಗಾಗಿರಬೇಡ? 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಮೇಲೆ ಇರೋದು ಕಿಟೆಲ್ ಹೆಸರು ಒಂದೇ. ಆದ್ರ ಅದರ ಹಿಂದೆ ಈ ಇಬ್ಬರು ಅಕ್ಕ-ತಂಗಿಯರ ಬದುಕೂ ಐತಿ.

ಉಲ್ಟಾ ದಾರಿ: ಆನಂದರಾವ್ ಕೌಂಡಿನ್ಯ

ದೇಶ ಬಿಟ್ಟವರು ಬರೀ ಅವರಷ್ಟೇ ಅಲ್ಲ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಮಿಷನ್ ಶಾಲೆಯಲ್ಲಿ ಓದಿದ ಹುಡುಗ. 1844ರ ಜನವರಿಯಲ್ಲಿ, ಇನ್ನೂ ಹದಿಹರೆಯ ದಾಟುವ ಮುಂಚೆ, ದೀಕ್ಷಾಸ್ನಾನ ಪಡೆದ. ಊರಿನಾಗ ದೊಡ್ಡ ಗದ್ದಲ ಆಯ್ತು, ಮನೆಯವರ ಸಂಬಂಧ ಹರೀತು. ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ಅವನನ್ನ 1846ರಲ್ಲಿ ಬಾಸೆಲ್ಲಿಗೆ ಕರಕೊಂಡು ಹೋದ್ರು. ಓದು ಮುಗಿಸಿ 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದ ಕೌಂಡಿನ್ಯ, ಮುಂದೆ ಮಂಗಳೂರಿನಲ್ಲಿ ತರುಣರಿಗೆ ಪಾಠ ಹೇಳುವ ಗುರುವಾದರು.

1860ರಲ್ಲಿ ಅವರ ಎರಡನೇ ಮದುವೆ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹುಡುಗಿಯ ಜೊತೆ ನಡೀತು. ಯೋಚನೆ ಮಾಡ್ರಿ: ಬ್ರಿಟಿಷರ ಆಳ್ವಿಕೆಯ ಕಾಲ, 1857ರ ದಂಗೆ ಶುರುವಾಗಿ ಮೂರೇ ವರ್ಷ, ಯುರೋಪಿನ ಹೆಣ್ಣು ಕನ್ನಡ ನಾಡಿನ ಗಂಡಿನ ಮನೆಗೆ ಸೊಸೆಯಾಗಿ ಬರ್ತಾಳೆ. ಬೇರೆ ಮಿಷನರಿ ಹೆಂಡ್ತಿಯರಿಗೆ ಮನೆಯೊಳಗಾದ್ರೂ ಜರ್ಮನಿ ಇರ್ತಿತ್ತು. ಮರೀಗೆ ಮನೆಯೊಳಗೂ ಅರ್ಧ ಇಂಡಿಯಾ.

ಅತೀ ದೊಡ್ಡ ಬೆಲೆ ಮಕ್ಕಳದು

ಬಿಸಿಲು, ಜ್ವರ, ಊಟ ಇವುಗಳಿಗಿಂತ ಕಷ್ಟದ್ದು ಒಂದಿತ್ತು. 1853ರಲ್ಲಿ ಮಿಷನ್ ಒಂದು ನಿಯಮ ಮಾಡ್ತು: ಮಿಷನರಿಗಳ ಮಕ್ಕಳನ್ನ ಶಾಲೆ ವಯಸ್ಸಿಗೆ ಬಂದ ಕೂಡಲೇ ಯುರೋಪಿಗೆ ಕಳಿಸಬೇಕು. ಅವರಿಗಂತ ಬಾಸೆಲ್ಲಿನಲ್ಲಿ ಮಕ್ಕಳ ಮನೆ ಇತ್ತು. ಆರೇಳು ವರ್ಷದ ಕೂಸು ಹಡಗು ಹತ್ತಿದ್ರ, ಮತ್ತೆ ಅಪ್ಪ-ಅಮ್ಮನ ಮುಖ ನೋಡೋಕೆ ಹತ್ತಾರು ವರ್ಷ ಆಗಬಹುದು. ಇಲ್ಲಿ ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸೋ ತಾಯಿ, ತನ್ನ ಮಗುವಿನ ಅಕ್ಷರ ಗುರುತಿಸ್ತಿದ್ದದ್ದು ಪತ್ರದಲ್ಲಿ.

ಇದನ್ನ ತ್ಯಾಗ ಅಂತೀರೋ, ಕಠಿಣ ಸಂಸ್ಥೆಯ ಹಟ ಅಂತೀರೋ? ನನಗೆ ಎರಡೂ ಕಾಣ್ತದ. ಮತಾಂತರದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ನಿಯಮ ಮಾಡಿದವರು ಬಾಸೆಲ್ಲಿನಲ್ಲಿ ಕೂತಿದ್ರು, ಅದನ್ನ ಹೊತ್ತವರು ಮಕ್ಕಳು ಅನ್ನೋದಂತೂ ಖರೆ.

ನಮಗೇನು ಇದರಿಂದ?

ಇವತ್ತು ನಮ್ಮ ಊರಿನ ಹುಡುಗ-ಹುಡುಗಿಯರು ದುಬೈಗೆ, ಜರ್ಮನಿಗೆ ಹೊಂಟಾರ. ವಿಡಿಯೋ ಕಾಲ್ ಐತಿ, ಎಂಟ್ಹತ್ತು ತಾಸಿನ ವಿಮಾನ ಐತಿ. ಆದ್ರ ಹೊರಡೋ ಮುಂಚೆ ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ. ಅಲ್ಲಿನ ಭಾಷೆ ಇಬ್ಬರೂ ಕಲೀತೀವಾ, ಒಬ್ರೇನಾ? ಜೊತೆಗೆ ಹೋದವರ ಕೆಲಸಕ್ಕೆ ಹೆಸರು, ಪಗಾರ ಐತೇನು? ತಿರುಗಿ ಬರೋ ನಿರ್ಧಾರ ಯಾರ ಕೈಯಾಗ? ಮಕ್ಕಳು ಎಲ್ಲಿ ಬೆಳೀತಾರ?

ಮನೆಯಲ್ಲಿ ಯಾರಾದ್ರೂ ಪಾಸ್‌ಪೋರ್ಟ್ ಮಾಡಿಸ್ತಿದ್ರ, ಈ ನಾಲ್ಕು ಪ್ರಶ್ನೆ ಅವರಿಗೆ ಫಾರ್ವರ್ಡ್ ಮಾಡ್ರಿ. ಗಂಡ-ಹೆಂಡ್ತಿ ಎದುರಾಬದುರಾ ಕೂತು ಉತ್ತರ ಬರೀಲಿ.