ಆಟದ ಕಂಪ್ಯೂಟರಿಗೆ ಹಣ ಹಂಚುವ ಲೆಕ್ಕ

ಮನೆಯಲ್ಲಿರುವ ಯಂತ್ರಗಳಲ್ಲಿ ಕಂಪ್ಯೂಟರಿಗೆ ಒಂದು ವಿಶೇಷವುಂಟು. ಮಿಕ್ಸಿ, ಫ್ರಿಜ್, ಟೀವಿಗಳನ್ನು ಯಾರೂ ಬಿಡಿಭಾಗಗಳಾಗಿ ಕೊಂಡು ತಂದು ಜೋಡಿಸಿಕೊಳ್ಳುವುದಿಲ್ಲ. ಕಂಪ್ಯೂಟರನ್ನು ಮಾತ್ರ ಹಾಗೆ ಕೊಳ್ಳಬಹುದು. ಒಂದು ಕಂಪನಿಯ ಪ್ರೊಸೆಸರ್, ಇನ್ನೊಂದರ ಮದರ್‌ಬೋರ್ಡ್, ಮತ್ತೊಂದರ ಮೆಮೊರಿ ತಂದು, ಒಂದು ಸ್ಕ್ರೂಡ್ರೈವರ್ ಹಿಡಿದು ಮಧ್ಯಾಹ್ನವಿಡೀ ಕುಳಿತರೆ ಸಂಜೆಯ ಹೊತ್ತಿಗೆ ಯಂತ್ರ ಓಡುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್, ಅಂದರೆ ಸಾದರ ಪತ್ರಪ್ಪ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್ - ಇಲ್ಲೆಲ್ಲ ಕಂಪ್ಯೂಟರ್ ವ್ಯಾಪಾರ ಬೆಳೆದದ್ದು ಈ ಅನುಕೂಲದ ಮೇಲೆಯೇ. 'ಅಸೆಂಬಲ್ಡ್' ಎಂಬ ಮಾತು ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಓಡಾಡತೊಡಗಿದ್ದು ಹೀಗೆ.

ಈ ಅಂಗಡಿಗಳಿಗೆ ಮೊದಲ ಸಲ ಬರುವವರಲ್ಲಿ, ಆಟವಾಡಲು ಒಳ್ಳೆಯ ಕಂಪ್ಯೂಟರ್ ಬೇಕೆಂಬ ಹುಡುಗ ಹುಡುಗಿಯರೂ ಅವರ ಹಿಂದೆ ಬಂದ ತಂದೆ ತಾಯಿಯರೂ ಇರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಕೊಡಿಸುತ್ತೇವೆಂದು ಕೊಟ್ಟ ಮಾತು ಅದು. ಅನೇಕ ಮನೆಗಳಲ್ಲಿ ಅದಕ್ಕೆ ತಗಲುವುದು ಒಂದೆರಡು ತಿಂಗಳ ಸಂಬಳ. ಕೆಟ್ಟರೆ ಮತ್ತೆ ಕೊಡಿಸುವುದು ಸುಲಭವಲ್ಲ. ಅಂಗಡಿಯಲ್ಲಿಯೋ ಹೆಸರುಗಳು, ಅಂಕಿಗಳು, ಬಣ್ಣದ ದೀಪಗಳು ಕಣ್ಣು ಕೋರೈಸುತ್ತವೆ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರ ಈ ಯಂತ್ರ ಬೆಳೆದುಬಂದ ಬಗೆಯಲ್ಲಿಯೇ ಅಡಗಿದೆ.

ಐಬಿಎಂ ತೆರೆದ ಪೆಟ್ಟಿಗೆ

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಕಂಪನಿ ತನ್ನ 'ಪರ್ಸನಲ್ ಕಂಪ್ಯೂಟರ್' ಅನ್ನು ಪ್ರಕಟಿಸಿತು. ದೊಡ್ಡ ಗಣಕಯಂತ್ರಗಳಿಗೆ ಬೇಕಾದುದನ್ನು ಬಹುಮಟ್ಟಿಗೆ ತಾನೇ ತಯಾರಿಸುತ್ತಿದ್ದ ಕಂಪನಿ ಅದು. ಆದರೆ ಈ ಸಣ್ಣ ಯಂತ್ರವನ್ನು ಸುಮಾರು ಒಂದು ವರ್ಷದಲ್ಲಿ ಪೇಟೆಗೆ ತರುವ ಆತುರವಿತ್ತು. ಆದ್ದರಿಂದ ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಡಾನ್ ಎಸ್ಟ್ರಿಜ್ ಅವರ ನೇತೃತ್ವದ ತಂಡ ಹೊರಗಿನ ಭಾಗಗಳನ್ನೇ ಕೊಂಡು ಜೋಡಿಸಿತು. ಪ್ರೊಸೆಸರ್ ಇಂಟೆಲ್‌ನದು, ಕಾರ್ಯಾಚರಣೆಯ ತಂತ್ರಾಂಶ ಮೈಕ್ರೋಸಾಫ್ಟ್‌ನದು, ಫ್ಲಾಪಿ ಡ್ರೈವ್ ಭಾರತೀಯ ಮೂಲದ ಉದ್ಯಮಿಯೊಬ್ಬರು ಕ್ಯಾಲಿಫೋರ್ನಿಯದಲ್ಲಿ ಕಟ್ಟಿದ ಟಂಡನ್ ಕಂಪನಿಯದು. ಹೊರಗಿನವರೂ ಇದಕ್ಕೆ ಹೊಂದುವ ಕಾರ್ಡುಗಳನ್ನು ತಯಾರಿಸಲೆಂದು ಐಬಿಎಂ ಯಂತ್ರದ ಒಳಗಿನ ನಕ್ಷೆಗಳನ್ನೂ ಪುಸ್ತಕ ಮಾಡಿ ಮಾರಿತು.

ಐಬಿಎಂ ತನ್ನದೆಂದು ಹಕ್ಕು ಸಾಧಿಸಬಹುದಾಗಿದ್ದ ಮುಖ್ಯ ವಸ್ತು ಬಯೋಸ್ ಎಂಬ ಪುಟ್ಟ ತಂತ್ರಾಂಶ. ಯಂತ್ರಕ್ಕೆ ವಿದ್ಯುತ್ ಬಂದೊಡನೆ ಭಾಗಗಳನ್ನೆಲ್ಲ ಎಬ್ಬಿಸುವುದು ಇದರ ಕೆಲಸ. 1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಒಂದು ಉಪಾಯ ಹೂಡಿತು. ಒಂದು ಗುಂಪು ಬಯೋಸ್ ಏನೇನು ಮಾಡುತ್ತದೆಂದು ಅಭ್ಯಾಸ ಮಾಡಿ ಬರೆದಿಟ್ಟಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ಗುಂಪು ಆ ವಿವರಣೆಯಿಂದಲೇ ಹೊಸ ಬಯೋಸ್ ಬರೆಯಿತು. ನಕಲು ಮಾಡಿದಂತಾಗಲಿಲ್ಲ, ಕೆಲಸ ಮಾತ್ರ ಅದೇ ಆಯಿತು. ಅಲ್ಲಿಂದ ಮುಂದೆ ಐಬಿಎಂಗೆ ಹೊಂದುವ ಯಂತ್ರವನ್ನು ಯಾರು ಬೇಕಾದರೂ ತಯಾರಿಸುವಂತಾಯಿತು. 1995ರಲ್ಲಿ ಇಂಟೆಲ್ 'ಎಟಿಎಕ್ಸ್' ಎಂಬ ಅಳತೆಯನ್ನು ಗೊತ್ತುಮಾಡಿತು. ಮದರ್‌ಬೋರ್ಡಿನ ತಿರುಪಿನ ರಂಧ್ರ ಎಲ್ಲಿರಬೇಕು, ವಿದ್ಯುತ್ತಿನ ತಂತಿ ಎಲ್ಲಿ ಸೇರಬೇಕು ಎಂಬುದೆಲ್ಲ ಅದರಲ್ಲಿ ನಿಗದಿಯಾಯಿತು. ಎಲ್ಲಿಯೋ ತಯಾರಾದ ಬೋರ್ಡು ಇನ್ನೆಲ್ಲಿಯೋ ಮಾಡಿದ ಕ್ಯಾಬಿನೆಟ್ಟಿನೊಳಗೆ ತಕರಾರಿಲ್ಲದೆ ಕೂರುವುದು ಈ ಒಪ್ಪಂದದಿಂದ.

ಭಾರತದಲ್ಲಿ 1984ರ ಹೊಸ ಕಂಪ್ಯೂಟರ್ ನೀತಿ ಆಮದಿನ ಕಟ್ಟುಗಳನ್ನು ಸಡಿಲಿಸಿತು. 1991ರ ಉದಾರೀಕರಣ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಭಾಗಗಳನ್ನು ತರಿಸಿ ಇಲ್ಲಿಯೇ ಜೋಡಿಸಿ ಕೊಡುವ ಅಂಗಡಿಗಳು ಹೆಚ್ಚಿದವು.

ಅಡುಗೆಯವನೊಬ್ಬ, ಬಡಿಸುವವರು ನೂರು

ಆಟಕ್ಕೆ ಬೇರೆ ಬಗೆಯ ಕಂಪ್ಯೂಟರ್ ಏಕೆ ಬೇಕು? 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಆಟಕ್ಕೆ ಬೇರೆ ಯಂತ್ರವೇನೂ ಬೇಕಿರಲಿಲ್ಲ. ಲೆಕ್ಕ ಮಾಡುವ ಪ್ರೊಸೆಸರೇ ಚಿತ್ರವನ್ನೂ ಬಿಡಿಸುತ್ತಿತ್ತು. ಆಟಗಳ ಚಿತ್ರ ಸಂಕೀರ್ಣವಾದಂತೆ ಆ ಒಂಟಿ ದುಡಿಮೆಗಾರನಿಗೆ ಹೊರೆ ತಡೆಯದಾಯಿತು. 1996ರಲ್ಲಿ 3ಡಿಎಫ್ಎಕ್ಸ್ ಕಂಪನಿಯ 'ವೂಡೂ' ಕಾರ್ಡ್ ಮೂರು ಆಯಾಮದ ಚಿತ್ರ ಬಿಡಿಸುವ ಕೆಲಸವನ್ನಷ್ಟೇ ವಹಿಸಿಕೊಂಡಿತು. ಸಾಮಾನ್ಯ ಕೆಲಸಕ್ಕೆ ಮೊದಲಿನ ಕಾರ್ಡೂ ಇರಬೇಕಾಗಿತ್ತು. ಎರಡಕ್ಕೂ ನಡುವೆ ಹೊರಗಿನಿಂದ ಒಂದು ತಂತಿ! 1999ರಲ್ಲಿ ಎನ್‌ವಿಡಿಯಾ ತನ್ನ 'ಜಿಫೋರ್ಸ್ 256' ಅನ್ನು ಜಗತ್ತಿನ ಮೊದಲ ಜಿಪಿಯು ಎಂದು ಸಾರಿ ಮಾರಿತು. ಆಟದ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡು ಎಲ್ಲಕ್ಕಿಂತ ದುಬಾರಿ ಭಾಗವಾಗುವ ದಾರಿ ಹೀಗೆ ತೆರೆಯಿತು.

ಈ ಎರಡರ ವ್ಯತ್ಯಾಸ ತಿಳಿಯಲು ಮದುವೆಮನೆಯ ಊಟವನ್ನು ನೆನೆಯಬಹುದು. ಪ್ರೊಸೆಸರ್ ಎಂದರೆ ಮುಖ್ಯ ಅಡುಗೆಯವನು. ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನ ಅವನದು. ಆದರೆ ಎಷ್ಟೇ ಜಾಣನಾದರೂ ಸಾವಿರ ಎಲೆಗೆ ಅವನೊಬ್ಬನೇ ಬಡಿಸಲಾರ. ಅದಕ್ಕೆ ಒಟ್ಟಿಗೆ ಪಂಕ್ತಿಗೆ ಇಳಿಯುವ ನೂರಾರು ಜನ ಬೇಕು. ಗ್ರಾಫಿಕ್ಸ್ ಕಾರ್ಡು ಅವರ ದಂಡು. ಸಾಧಾರಣ 1080 ದರ್ಜೆಯ ಪರದೆಯಲ್ಲಿ 1920 ಗುಣಿಸು 1080, ಅಂದರೆ 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣ ಪ್ರತಿ ಸೆಕೆಂಡೂ ಗೊತ್ತಾಗಬೇಕು. 4ಕೆ ಪರದೆಯಲ್ಲಿ ಚುಕ್ಕೆಗಳು ಇದರ ನಾಲ್ಕರಷ್ಟು.

ಅಡುಗೆಯವನು ನಿಧಾನಿಯಾದರೆ ಬಡಿಸುವವರು ಬರಿಯ ಪಾತ್ರೆ ಹಿಡಿದು ನಿಲ್ಲಬೇಕಾಗುತ್ತದೆ. ಬಡಿಸುವವರು ಸಾಲದಿದ್ದರೆ ಮಾಡಿದ ಅಡುಗೆ ಒಳಗೇ ಉಳಿಯುತ್ತದೆ. ಅಗ್ಗದ ಪ್ರೊಸೆಸರಿಗೆ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಕಟ್ಟುವುದೂ, ದುಬಾರಿ ಪ್ರೊಸೆಸರ್ ಕೊಂಡು ಕಾರ್ಡಿಗೆ ಹಣವಿಲ್ಲದೆ ಕೂರುವುದೂ ಈ ಕಾರಣದಿಂದಲೇ ನಷ್ಟ. ಕೊಟ್ಟ ಹಣದಲ್ಲಿ ಒಂದು ಪಾಲು ಕೆಲಸವಿಲ್ಲದೆ ಕೂತಿರುತ್ತದೆ.

ಪರದೆಯಿಂದ ಹಿಂದಕ್ಕೆ

ಆದ್ದರಿಂದ ಲೆಕ್ಕವನ್ನು ಆರಂಭಿಸಬೇಕಾದದ್ದು ಪರದೆಯಿಂದ, ಆಡುವ ಆಟದಿಂದ. 1080 ದರ್ಜೆಯ ಪರದೆಯ ಮುಂದೆ ಕೂರುವವರಿಗೆ 4ಕೆ ಗೆಂದು ಮಾಡಿದ ಕಾರ್ಡು ಬೇಕಿಲ್ಲ. 'ವ್ಯಾಲೊರಂಟ್', 'ಕೌಂಟರ್ ಸ್ಟ್ರೈಕ್'ನಂಥ ಪಂದ್ಯದ ಆಟಗಳಲ್ಲಿ ಚಿತ್ರದ ಹೊರೆ ಹಗುರ. ಸೆಕೆಂಡಿಗೆ ಹೆಚ್ಚು ಚಿತ್ರ ಬರಬೇಕಾದ್ದರಿಂದ ಪ್ರೊಸೆಸರಿನ ಚುರುಕು ಮುಖ್ಯ. 'ಸೈಬರ್‌ಪಂಕ್ 2077', 'ರೆಡ್ ಡೆಡ್ ರಿಡೆಂಪ್ಷನ್ 2'ರಂಥ ಕಥೆಯ ಆಟಗಳಲ್ಲಿ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ.

ಎರಡನ್ನೂ ಆಡುವವರಿಗೆ, ಪರದೆಯ ಖರ್ಚು ಬಿಟ್ಟು, ಒಂದು ಸ್ಥೂಲ ಲೆಕ್ಕ ಹೀಗೆ ಹೇಳಬಹುದು. ಕೈಯಲ್ಲಿರುವ ನೂರು ರೂಪಾಯಿಯಲ್ಲಿ ಸುಮಾರು 40 ಗ್ರಾಫಿಕ್ಸ್ ಕಾರ್ಡಿಗೆ. 30 ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ. 20 ಮೆಮೊರಿ ಮತ್ತು ಎಸ್‌ಎಸ್‌ಡಿಗೆ. 10 ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್ಟಿಗೆ. ಪೇಟೆಯ ಏರಿಳಿತಕ್ಕೆ ತಕ್ಕಂತೆ ಈ ಪಾಲುಗಳು ಆಚೀಚೆ ಸರಿಯುತ್ತವೆ. 2020ರಿಂದ 2022ರವರೆಗೆ ಕ್ರಿಪ್ಟೊ ನಾಣ್ಯದ ಗಣಿಗಾರರೂ ಚಿಪ್ಪಿನ ಅಭಾವವೂ ಸೇರಿ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಮುಗಿಲು ಮುಟ್ಟಿತ್ತು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಜಿಗಿಯಿತು. ಅಂಥ ಕಾಲದಲ್ಲಿ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಕೊಂಡು, ಹಗುರ ಆಟಗಳನ್ನು ಆಡುತ್ತ, ಕಾರ್ಡನ್ನು ಆಮೇಲೆ ಸೇರಿಸುವುದೂ ಒಂದು ದಾರಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಅದು ಕಾರ್ಡಿಲ್ಲದೆ ಪರದೆಯ ಮೇಲೆ ಏನನ್ನೂ ತೋರಿಸಲಾರದು. ಎಎಂಡಿಯ ರೈಜನ್ ಸರಣಿಯಲ್ಲಿ 'ಜಿ' ಇದ್ದರೆ ಒಳಗಿನ ಗ್ರಾಫಿಕ್ಸ್ ಸಾಕಷ್ಟು ಗಟ್ಟಿ.

ಭಾಗಗಳು ಒಂದಕ್ಕೊಂದು ಹೊಂದುವುದೂ ಮುಖ್ಯ. ಪ್ರೊಸೆಸರ್ ಕೂರುವ ಸಾಕೆಟ್ ಕಂಪನಿಗೆ ಕಂಪನಿಗೆ, ತಲೆಮಾರಿಗೆ ತಲೆಮಾರಿಗೆ ಬೇರೆ. ಡಿಡಿಆರ್4 ಮೆಮೊರಿ ಡಿಡಿಆರ್5ರ ಕಿಂಡಿಯಲ್ಲಿ ಕೂರುವುದಿಲ್ಲ. 16 ಜಿಬಿ ಮೆಮೊರಿಯನ್ನು ಒಂದೇ ಪಟ್ಟಿಯಾಗಿ ಕೊಳ್ಳುವ ಬದಲು 8ರ ಎರಡು ಪಟ್ಟಿ ಹಾಕಿದರೆ ಪ್ರೊಸೆಸರಿಗೆ ಎರಡು ದಾರಿಗಳಲ್ಲಿ ಒಟ್ಟಿಗೆ ಮಾಹಿತಿ ಬರುತ್ತದೆ. ಒಳಗಿನ ಗ್ರಾಫಿಕ್ಸನ್ನೇ ನಂಬಿದವರಿಗಂತೂ ಇದರಿಂದ ಎದ್ದುಕಾಣುವ ಲಾಭ.

ಹೆಸರಿನ ಮೋಡಿ

ಕಡಿಮೆ ಹಣದವರು ಎಡವುವುದು ಹೆಚ್ಚಾಗಿ ಪೆಟ್ಟಿಗೆಯ ಮೇಲಿನ ಹೆಸರಿಗೆ. 'ಐ7 ಗೇಮಿಂಗ್ ಕಂಪ್ಯೂಟರ್, ಅಗ್ಗದ ಬೆಲೆ' ಎಂಬ ಜಾಹೀರಾತಿನಲ್ಲಿ ಐ7 ಸುಳ್ಳಲ್ಲ. ಆದರೆ ಅದು 2012ರಲ್ಲಿ ಬಂದ ಮೂರನೆಯ ತಲೆಮಾರಿನದಾಗಿರಬಹುದು. ನಾಲ್ಕು ಕೋರ್‌ಗಳ ಆ ಪ್ರೊಸೆಸರನ್ನು ಇತ್ತೀಚಿನ ಐ3 ಸುಲಭವಾಗಿ ಹಿಂದೆ ಹಾಕುತ್ತದೆ. ಹೆಸರಿಗಿಂತ ತಲೆಮಾರು ದೊಡ್ಡದು. ಹಾಗೆಯೇ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬರೆದ ಜಿಬಿ ಅದರ ಶಕ್ತಿಯ ಅಳತೆಯಲ್ಲ. 2014ರಲ್ಲಿ ಬಂದ ಜಿಟಿ 730 ಕಾರ್ಡು 4 ಜಿಬಿ ಮೆಮೊರಿ ಹೊತ್ತು ಬಂದರೂ ಇಂದಿನ ಭಾರಿ ಆಟಗಳನ್ನು ಎಳೆಯಲಾರದು. ಉಗ್ರಾಣ ದೊಡ್ಡದಿದ್ದ ಮಾತ್ರಕ್ಕೆ ಬಡಿಸುವವರ ಸಂಖ್ಯೆ ಹೆಚ್ಚುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಕಾರ್ಡಿನ, ಪ್ರೊಸೆಸರಿನ ಪೂರ್ತಿ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳುವುದು ಲೇಸು. ಅಂಗಡಿಯವರು ಬೇರೆಯದನ್ನು ಸೂಚಿಸಿದರೆ ಅದರ ಪೂರ್ತಿ ಹೆಸರನ್ನೂ ಬರೆಸಿಕೊಂಡು ಒಂದು ದಿನ ತಡೆದು ತೀರ್ಮಾನಿಸಬಹುದು. ಪ್ರತಿ ಭಾಗಕ್ಕೂ ಜಿಎಸ್‌ಟಿ ಬಿಲ್ಲು ಬೇಕು. ಬಿಲ್ಲಿಲ್ಲದೆ ಉಳಿಸಿದ ಹಣ, ವಾರಂಟಿ ಬೇಕಾದ ದಿನ ಕೈಗೆ ಸಿಗದ ಹಣ.

ಕಾಣದ ಭಾಗದ ಬೆಲೆ

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಎಸ್‌ಎಂಪಿಎಸ್. ಆಟದಲ್ಲಿ ಒಂದು ಚಿತ್ರವನ್ನೂ ಹೆಚ್ಚಿಸದ ಭಾಗ ಅದು. ಹಾಗಾಗಿ ಹಣ ಮುಗಿಯುತ್ತ ಬಂದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಇಳಿಸಿ, ತಿದ್ದಿ, ಪ್ರತಿ ಭಾಗಕ್ಕೂ ಹಂಚುವುದು ಇದರ ಕೆಲಸ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಎಳೆಯುವುದು ಮುಖ್ಯವಾಗಿ 12 ವೋಲ್ಟಿನ ದಾರಿಯಿಂದ. ಕ್ಯಾಬಿನೆಟ್ಟಿನ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಆ ದಾರಿಯಲ್ಲಿ ಅಷ್ಟು ಬಲ ಇರದಿರಬಹುದು. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಎಂದು ನೋಡಿ ಹನ್ನೆರಡರಿಂದ ಗುಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಇದು ಕೆಟ್ಟು ನಿಂತರೆ ಒಂದು ಭಾಗ ಹೋದಂತೆ. ಕೆಡುವಾಗ ಹೆಚ್ಚಿನ ವೋಲ್ಟೇಜು ಒಳನುಗ್ಗಿದರೆ ಮದರ್‌ಬೋರ್ಡು, ಕಾರ್ಡು ಎಲ್ಲವನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಅದರ ಮೇಲಿನ '80 ಪ್ಲಸ್' ಎಂಬ ಮುದ್ರೆ ವಿದ್ಯುತ್ ಎಷ್ಟು ಪೋಲಾಗದೆ ಉಳಿಯುತ್ತದೆ ಎಂಬುದರ ಅಳತೆ, ರಕ್ಷಣೆಯ ಭರವಸೆಯಲ್ಲ. ನಂಬಿಕೆಯ ಕಂಪನಿ, ಹೆಚ್ಚು ವರ್ಷದ ವಾರಂಟಿ ನೋಡಿ ಕೊಳ್ಳಬೇಕು. ಮಧ್ಯಮ ದರ್ಜೆಯ ಕಾರ್ಡಿಗೆ 130 ವ್ಯಾಟ್, ಪ್ರೊಸೆಸರಿಗೆ 90, ಉಳಿದುದಕ್ಕೆ 50 ಎಂದು ಹಿಡಿದರೂ ಒಟ್ಟು 270 ಆಗುತ್ತದೆ. ನಿಜವಾದ 500 ವ್ಯಾಟ್ ಮುಂದಿನ ಕಾರ್ಡಿಗೂ ಸಾಕು. ಇದರ ಜೊತೆಗೆ ಮನೆಯ ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಸುವುದು ಒಳ್ಳೆಯದು. ಬಣ್ಣದ ದೀಪದ ಫ್ಯಾನುಗಳಿಗೆ ಕೊಡುವ ಹಣ ಇಲ್ಲಿಗೆ ಬಂದರೆ ಸಾರ್ಥಕ.

ಜೋಡಿಸಿದ ಮೇಲೆಯೂ ಕೊಟ್ಟ ಹಣ ಸುಮ್ಮನೆ ಪೋಲಾಗುವುದುಂಟು. ಪರದೆಯ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸದೆ ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಹೊಸ ಕಾರ್ಡಿನ ಲಾಭ ಸರಿಯಾಗಿ ಸಿಗದು. 144 ಹರ್ಟ್ಸ್ ಪರದೆ ಕೊಂಡು ವಿಂಡೋಸ್‌ನಲ್ಲಿ 60ಕ್ಕೇ ಬಿಟ್ಟವರಿಗೆ ಹೆಚ್ಚು ಕೊಟ್ಟ ಹಣದ ಫಲ ಕಾಣುವುದಿಲ್ಲ. ಎರಡೂ ಎರಡು ನಿಮಿಷದಲ್ಲಿ ಸರಿಹೋಗುವ ಸಂಗತಿಗಳು.

ಮೊದಲ ಕಂಪ್ಯೂಟರಿನಲ್ಲೇ ಎಲ್ಲವೂ ಸೇರಿರಬೇಕೆಂಬ ಹಟ ಬೇಕಾಗಿಲ್ಲ. ಎಸ್‌ಎಂಪಿಎಸ್, ಮದರ್‌ಬೋರ್ಡು, ಕ್ಯಾಬಿನೆಟ್ ಸರಿಯಾಗಿದ್ದರೆ ಈ ವರ್ಷ ಒಂದು ಮೆಮೊರಿ ಪಟ್ಟಿ, ಮೂರು ವರ್ಷದ ಮೇಲೆ ಹೊಸ ಕಾರ್ಡು ಎಂದು ಯಂತ್ರವನ್ನು ಬೆಳೆಸುತ್ತ ಹೋಗಬಹುದು. ಆಟಕ್ಕೆಂದೇ ಮಾರುವ ಕನ್ಸೋಲ್‌ಗಳಲ್ಲಿ, ಮೆಮೊರಿಯನ್ನು ಬೆಸೆದಿಟ್ಟ ಲ್ಯಾಪ್‌ಟಾಪುಗಳಲ್ಲಿ ಈ ಅವಕಾಶವಿಲ್ಲ. ಐಬಿಎಂ ತನ್ನ ಕಂಪ್ಯೂಟರ್ ವ್ಯಾಪಾರವನ್ನು 2005ರಲ್ಲಿ ಚೀನಾದ ಲೆನೊವೊಗೆ ಮಾರಿ ಆ ಪೇಟೆಯಿಂದಲೇ ಹೊರಟುಹೋಯಿತು. ಆತುರದಲ್ಲಿ ಅದು ತೆರೆದಿಟ್ಟ ಪೆಟ್ಟಿಗೆ ಮಾತ್ರ ಇಂದಿಗೂ ತೆರೆದೇ ಇದೆ. ಅದರೊಳಗೆ ಏನಿದೆಯೆಂದು ಒಮ್ಮೆ ತಿಳಿದ ಹುಡುಗಿಯೋ ಹುಡುಗನೋ ಮುಂದಿನ ಸಲ ಅಂಗಡಿಗೆ ಹೋಗುವಾಗ ಅಪ್ಪನ ಒಂದೆರಡು ತಿಂಗಳ ಸಂಬಳ ಕೇಳಬೇಕಾಗಿಲ್ಲ. ಒಂದು ಭಾಗದ ಬೆಲೆ ಕೂಡಿಟ್ಟರೆ ಸಾಕು.